ಜಾಸ್ತಿ ಸುರಿದ್ರೆ ರಿಯಾಕ್ಷನ್ ಯಾವ ಕಡೆ ಸರಿಯುತ್ತೆ?

ಪ್ರಶ್ನೆ: ಈಕ್ವಿಲಿಬ್ರಿಯಂಗೆ ಬಂದು ನಿಂತಿರೋ ರಿಯಾಕ್ಷನ್‌ಗೆ ಇನ್ನೊಂದಿಷ್ಟು ರಿಯಾಕ್ಟಂಟ್ ಹಾಕಿದ್ರೆ ಅದು ಪ್ರಾಡಕ್ಟ್ ಕಡೆ ಸರಿದು ಬದಲಾವಣೆನ ವಿರೋಧಿಸುತ್ತೆ ಅಂತ ಓದಿದೀನಿ ಸರ್. ವಿರೋಧಿಸ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಮತ್ತೆ, ಹೊಸದಾಗಿ ಹಾಕಿದ್ದೆಲ್ಲ ಖರ್ಚಾಗಿ ಹಳೇ ಲೆವೆಲ್‌ಗೇ ವಾಪಸ್ ಬರುತ್ತಾ?

ಉತ್ತರ: ಅದಕ್ಕೆ ಏನೂ ಗೊತ್ತಾಗಲ್ಲ. ಮೊದಲ್ನೇದಾಗಿ ಅದು ನಿಂತೂ ಇರಲ್ಲ, ಮುಂದಕ್ಕೆ ಹೋಗೋ ರಿಯಾಕ್ಷನ್ನೂ ಹಿಂದಕ್ಕೆ ಬರೋ ರಿಯಾಕ್ಷನ್ನೂ ಒಂದೇ ಸ್ಪೀಡಲ್ಲಿ ನಡೀತಾನೇ ಇರ್ತವೆ, ಅದಕ್ಕೇ ಹೊರಗಿಂದ ನೋಡೋರಿಗೆ ಏನೂ ಆಗ್ತಿಲ್ಲ ಅನ್ಸುತ್ತೆ. ಈಗ ನೀವು ರಿಯಾಕ್ಟಂಟ್ ಸುರಿದ್ರಿ ಅನ್ಕೊಳಿ. ಅದರ ಮಾಲಿಕ್ಯೂಲ್‌ಗಳು ಜಾಸ್ತಿಯಾದ್ವು, ಒಂದಕ್ಕೊಂದು ಡಿಕ್ಕಿ ಹೊಡೆಯೋದು ಜಾಸ್ತಿ ಆಯ್ತು, ಮುಂದಕ್ಕೆ ಹೋಗೋ ಸ್ಪೀಡ್ ತಟ್ಟಂತ ಏರ್ತು. ಹಿಂದಕ್ಕೆ ಬರೋದ್ರ ಸ್ಪೀಡ್ ಆ ಕ್ಷಣಕ್ಕೆ ಇದ್ದಷ್ಟೇ ಇದೆ, ಯಾಕಂದ್ರೆ ಪ್ರಾಡಕ್ಟ್ ಇನ್ನೂ ಹೆಚ್ಚಾಗಿಲ್ಲ. ಸೋ ಸ್ವಲ್ಪ ಹೊತ್ತು ಪ್ರಾಡಕ್ಟ್ ಕೂಡ್ತಾ ಹೋಗುತ್ತೆ, ಅದು ಕೂಡ್ತಾ ಹೋದಂಗೆ ಹಿಂದಕ್ಕೆ ಬರೋ ಸ್ಪೀಡೂ ಏರುತ್ತೆ, ರಿಯಾಕ್ಟಂಟ್ ಖರ್ಚಾಗ್ತಾ ಹೋದಂಗೆ ಮುಂದಕ್ಕೆ ಹೋಗೋ ಸ್ಪೀಡ್ ಇಳಿಯುತ್ತೆ, ಎರಡೂ ಮತ್ತೆ ಸಮ ಆದಲ್ಲಿಗೆ ಮುಗೀತು. ವಿರೋಧ, ಹಠ ಎಲ್ಲ ನಾವು ಹಚ್ಚಿರೋ ಬಣ್ಣ. ನೀವು ಓದಿರೋದು ಲೆ ಶಾಟಲಿಯರ್ 1884ರಲ್ಲಿ ಹೇಳಿದ ತತ್ವ, ಅದು ಉತ್ತರ ಬೇಗ ಊಹಿಸೋಕೆ ಒಳ್ಳೇದೇ, ಆದ್ರೆ ಕಾರಣ ಬೇಕು ಅಂದ್ರೆ ಅದಕ್ಕಿಂತ 20 ವರ್ಷ ಮುಂಚೆ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಹೇಳಿದ ಮಾಸ್ ಆಕ್ಷನ್ ನಿಯಮದ (ರಿಯಾಕ್ಷನ್ ಸ್ಪೀಡ್ ಅದರಲ್ಲಿರೋ ವಸ್ತುಗಳ ಕಾನ್ಸಂಟ್ರೇಶನ್ ಮೇಲೆ ನಿಂತಿದೆ ಅನ್ನೋದು) ಹತ್ರಾನೇ ಹೋಗ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ಉತ್ತರ ‘ಇಲ್ಲ’ ಅಂತ, ಹಳೇ ಲೆವೆಲ್‌ಗೆ ಬರೋದೇ ಇಲ್ಲ. ಲೆಕ್ಕ ಹಾಕಿ ನೋಡೋಣ. ಅಸಿಟಿಕ್ ಆಸಿಡ್ ಮತ್ತು ಎಥನಾಲ್ ಸೇರಿ ಈಥೈಲ್ ಅಸಿಟೇಟ್ ಅನ್ನೋ ಎಸ್ಟರ್ ಮತ್ತೆ ನೀರು ಆಗುತ್ತೆ, ಇದರ ಈಕ್ವಿಲಿಬ್ರಿಯಂ ಕಾನ್ಸ್ಟಂಟ್ ಅಂದ್ರೆ ಕೆ (ಈಕ್ವಿಲಿಬ್ರಿಯಂ ಆದಾಗ ಪ್ರಾಡಕ್ಟ್‌ಗಳ ಗುಣಲಬ್ಧನ ರಿಯಾಕ್ಟಂಟ್‌ಗಳ ಗುಣಲಬ್ಧದಿಂದ ಭಾಗಿಸಿದ್ರೆ ಬರೋ ಸಂಖ್ಯೆ) ಸುಮಾರು 4. ಎರಡು ಕಡೆನೂ ಎರಡೆರಡೇ ಮೋಲ್ (ಮಾಲಿಕ್ಯೂಲ್‌ಗಳನ್ನ ಎಣಿಸೋ ಅಳತೆ) ಇರೋದ್ರಿಂದ ವಾಲ್ಯೂಮ್ ಕ್ಯಾನ್ಸಲ್ ಆಗಿಬಿಡುತ್ತೆ, ಮೋಲ್ ಲೆಕ್ಕನೇ ಸಾಕು. ಒಂದೊಂದು ಮೋಲ್ ಆಸಿಡ್, ಎಥನಾಲ್ ತಗೊಂಡು ಶುರು ಮಾಡಿದ್ರೆ ಕೊನೆಗೆ 0.67 ಮೋಲ್ ಎಸ್ಟರ್, 0.67 ನೀರು, ಉಳಿದ ಆಸಿಡ್ 0.33, ಎಥನಾಲ್ 0.33. ಈಗ ಇದಕ್ಕೆ ಇನ್ನೂ 1 ಮೋಲ್ ಎಥನಾಲ್ ಹಾಕಿ. ಎಥನಾಲ್ 1.33 ಆಯ್ತು. ಆ ಕ್ಷಣದಲ್ಲಿ ಪ್ರಾಡಕ್ಟ್‌ಗಳ ಗುಣಲಬ್ಧನ ರಿಯಾಕ್ಟಂಟ್‌ಗಳ ಗುಣಲಬ್ಧದಿಂದ ಭಾಗಿಸಿದ್ರೆ ಬರೋ ಸಂಖ್ಯೆ, ಅದನ್ನೇ ಕ್ಯೂ ಅನ್ನೋದು, 4 ಇದ್ದಿದ್ದು ಸೀದಾ 1ಕ್ಕೆ ಬೀಳುತ್ತೆ. ಕೆ ಮಾತ್ರ 4ರಲ್ಲೇ ಇದೆ, ಟೆಂಪರೇಚರ್ ಬದಲಾಗದೆ ಅದು ಅಲ್ಲಾಡಲ್ಲ. ಕ್ಯೂ ಮತ್ತೆ 4 ಮುಟ್ಟೋ ತನಕ ರಿಯಾಕ್ಷನ್ ಮುಂದಕ್ಕೆ ನಡೆಯುತ್ತೆ, ಆಮೇಲೆ ನೋಡಿದ್ರೆ ಎಸ್ಟರ್ 0.85, ಆಸಿಡ್ 0.15, ಎಥನಾಲ್ 1.15.

ಗಮನಿಸಿದ್ರಾ? ಹೊಸದಾಗಿ ಹಾಕಿದ 1 ಮೋಲ್‌ನಲ್ಲಿ ಖರ್ಚಾಗಿದ್ದು ಬರೀ 0.18. ಮೊದಲು 0.33 ಇದ್ದ ಎಥನಾಲ್ ಈಗ 1.15ರಲ್ಲಿ ಕೂತಿದೆ. ಅಂದ್ರೆ ಬದಲಾವಣೆ ಸ್ವಲ್ಪ ತಗ್ಗಿತೇ ಹೊರತು ಅಳಿಸಿ ಹೋಗಲಿಲ್ಲ. ಪರೀಕ್ಷೆಲಿ ಗ್ರಾಫ್ ಬರೆಯೋವಾಗ ತುಂಬಾ ಜನ ಎಡವೋದು ಇಲ್ಲೇ, ಗೆರೆ ಮೇಲಕ್ಕೆ ಹಾರಿ ಮತ್ತೆ ಹಳೇ ಜಾಗಕ್ಕೇ ಇಳಿಯೋ ಹಾಗೆ ಬರೆದುಬಿಡ್ತಾರೆ, ಅದು ಹಳೇ ಲೆವೆಲ್‌ಗಿಂತ ಮೇಲೇ ನಿಲ್ಬೇಕು.

ಇದೇ ಲೆಕ್ಕನ ಮುಂದುವರಿಸಿದ್ರೆ 1 ಮೋಲ್ ಆಸಿಡ್‌ಗೆ 3 ಮೋಲ್ ಎಥನಾಲ್ ಹಾಕಿದಾಗ 90 ಪರ್ಸೆಂಟ್ ಆಸಿಡ್ ಎಸ್ಟರ್ ಆಗುತ್ತೆ, 10 ಮೋಲ್ ಹಾಕಿದ್ರೆ 97. ಸುರೀತಾ ಹೋದಂಗೆ ಲಾಭ ಕಮ್ಮಿ ಆಗ್ತಾ ಬರುತ್ತೆ. ಅದಕ್ಕಿಂತ ಆಗ್ತಿರೋ ನೀರನ್ನ ಆಗಾಗ್ಗೆ ತೆಗೀತಾ ಇರೋದು ವಾಸಿ, ಕ್ಯೂ 4ಕ್ಕೆ ಏರೋಕೆ ಬಿಡದೇ ಇದ್ರೆ ರಿಯಾಕ್ಷನ್ ಹೆಚ್ಚುಕಮ್ಮಿ ಪೂರ್ತಿ ಮುಗಿಯೋ ತನಕ ನಡೀತಾನೇ ಇರುತ್ತೆ.

ಪ್ರಶ್ನೆ: ಲ್ಯಾಬಲ್ಲಿ ಫೆರಿಕ್ (ಕಬ್ಬಿಣದ ಅಯಾನ್) ಮತ್ತು ಥಯೋಸಯನೇಟ್ ಅನ್ನೋ ಇನ್ನೊಂದು ಅಯಾನ್ ಸೇರಿಸಿ ಬರೋ ಕೆಂಪು ದ್ರಾವಣಕ್ಕೆ ನೀರು ಹಾಕಿದ್ರೆ ಬಣ್ಣ ತೆಳು ಆಗುತ್ತೆ. ಅದು ಬರೀ ತೆಳು ಆಗಿದ್ದಾ, ಅಥವಾ ಈಕ್ವಿಲಿಬ್ರಿಯಂ ಕೂಡ ಸರೀತಾ?

ಉತ್ತರ: ಎರಡೂ. ನೀರನ್ನ ನೀವು ರಿಯಾಕ್ಟಂಟ್ ಅಂತ ಹಾಕಿಲ್ಲ, ಆದ್ರೂ ಎಲ್ಲಾದರ ಕಾನ್ಸಂಟ್ರೇಶನ್ ಒಟ್ಟಿಗೇ ಇಳೀತಲ್ಲ. ವಾಲ್ಯೂಮ್ ಎರಡರಷ್ಟು ಮಾಡಿದ್ರೆ ಕ್ಯೂ ಭಾಗಾಕಾರದಲ್ಲಿ ಮೇಲಿರೋ ಕೆಂಪು ಅಯಾನಿನ ಕಾನ್ಸಂಟ್ರೇಶನ್ ಅರ್ಧ, ಕೆಳಗಿರೋ ಎರಡು ಅಯಾನ್‌ಗಳ ಗುಣಲಬ್ಧ ಕಾಲು ಭಾಗ, ಹಾಗಾಗಿ ಕ್ಯೂ ಎರಡರಷ್ಟಾಗಿ ಕೆ ದಾಟಿಬಿಡುತ್ತೆ, ರಿಯಾಕ್ಷನ್ ಹಿಂದಕ್ಕೆ ನಡೆದು ಕೆಂಪು ಅಯಾನ್‌ಗಳು ಒಡೀತವೆ. ಇದನ್ನ ಕಣ್ಣಲ್ಲೇ ಬೇರ್ಪಡಿಸಿ ನೋಡೋಕೂ ಆಗುತ್ತೆ, ಟೆಸ್ಟ್ ಟ್ಯೂಬನ್ನ ಪಕ್ಕದಿಂದ ನೋಡ್ಬೇಡಿ, ಬಿಳಿ ಹಾಳೆ ಮೇಲೆ ಹಿಡಿದು ಬಾಯಿ ಕಡೆಯಿಂದ ಕೆಳಕ್ಕೆ ನೋಡಿ. ನೀರು ಹಾಕಿದಾಗ ದ್ರಾವಣದ ಎತ್ತರ ಎಷ್ಟು ಹೆಚ್ಚುತ್ತೋ ಕಾನ್ಸಂಟ್ರೇಶನ್ ಅಷ್ಟೇ ಇಳಿಯೋದ್ರಿಂದ, ಬರೀ ತೆಳು ಆಗಿದ್ರೆ ಮೇಲಿಂದ ಬಣ್ಣ ಮೊದಲಿನಷ್ಟೇ ಗಾಢ ಕಾಣ್ಬೇಕಿತ್ತು. ಕಾಣಲ್ಲ, ಕಮ್ಮಿ ಆಗಿರುತ್ತೆ. ಆ ಕಮ್ಮಿ ಆಗಿದ್ದೇ ಈಕ್ವಿಲಿಬ್ರಿಯಂ ಸರಿದಿದ್ದು.

ಪ್ರಶ್ನೆ: ಸುಣ್ಣದ ಕಲ್ಲು ಕಾಯಿಸಿ ಕಾರ್ಬನ್ ಡೈಆಕ್ಸೈಡ್ ಬರೋ ರಿಯಾಕ್ಷನ್ನಲ್ಲಿ ಕಲ್ಲು ಜಾಸ್ತಿ ಹಾಕಿದ್ರೆ ಗ್ಯಾಸ್ ಜಾಸ್ತಿ ಬರ್ಬೇಕಲ್ವಾ?

ಉತ್ತರ: ಮುಚ್ಚಿದ ಪಾತ್ರೆಲಿ ಈಕ್ವಿಲಿಬ್ರಿಯಂಗೆ ಬಂದಮೇಲೆ ಅಂದ್ರೆ, ಬರಲ್ಲ. ಘನವಸ್ತು ರಾಶಿ ದೊಡ್ಡದಾದ್ರೆ ಅದರ ಕಾನ್ಸಂಟ್ರೇಶನ್ ಏನೂ ಹೆಚ್ಚಲ್ಲ, ಕ್ಯೂ ಲೆಕ್ಕಕ್ಕೆ ಅದು ಬರೋದೇ ಇಲ್ಲ. ಗ್ಯಾಸ್ ಹೊರಗೆ ಬಿಡಿ, ಆಗ ಬೇಕಾದ್ರೆ ಕಲ್ಲೆಲ್ಲ ಒಡೀತಾ ಹೋಗುತ್ತೆ.

ಪ್ರಶ್ನೆ: ರಿಯಾಕ್ಟಂಟ್ ಹಾಕಿದ್ರೆ ಯಾವಾಗ್ಲೂ ಪ್ರಾಡಕ್ಟ್ ಕಡೆಗೇ ಹೋಗುತ್ತೆ ಅಂತ ಕಣ್ಮುಚ್ಚಿ ಬರೀಬಹುದಾ?

ಉತ್ತರ: ಘನವಸ್ತು ಬಿಟ್ಟು, ದ್ರಾವಣದಲ್ಲಾದ್ರೆ, ಅಥವಾ ವಾಲ್ಯೂಮ್ ಬದಲಾಗದ ಪಾತ್ರೆಲಾದ್ರೆ ಬರೀರಿ. ಗ್ಯಾಸ್ ಆಗಿದ್ದು, ಪ್ರೆಷರ್ ಬದಲಾಗದ ಹಾಗೆ ಇಟ್ಟಿದ್ರೆ ಒಂದ್ಸಲ ಯೋಚನೆ ಮಾಡಿ. ಅಮೋನಿಯಾನೇ ತಗೊಳಿ, ಒಂದು ನೈಟ್ರೋಜನ್ ಮೂರು ಹೈಡ್ರೋಜನ್ ಸೇರಿ ಎರಡು ಅಮೋನಿಯಾ ಆಗೋದು. ಹೇಬರ್ ವಿಧಾನದ ಕಾರ್ಖಾನೆಗಳಲ್ಲಿ ಒಂದು ಸುತ್ತಿಗೆ ಸುಮಾರು 15 ಪರ್ಸೆಂಟಷ್ಟೇ ಅಮೋನಿಯಾ ಆಗೋದು, ಆದ್ರೆ ಅದನ್ನ ತಣ್ಣಗೆ ಮಾಡಿ ಲಿಕ್ವಿಡ್ ಆಗಿ ತೆಗೆದು, ಉಳಿದ ಗ್ಯಾಸನ್ನ ಮತ್ತೆ ಮತ್ತೆ ತಿರುಗಿಸಿ ಬಿಡೋದ್ರಿಂದ ಕೊನೆಗೆ ಹೆಚ್ಚುಕಮ್ಮಿ ಎಲ್ಲ ಅಮೋನಿಯಾ ಆಗಿಬಿಡುತ್ತೆ, ಅಲ್ಲಿ ತತ್ವ ಹೇಳಿದಂಗೇ ಕೆಲಸ ಮಾಡುತ್ತೆ. ಆದ್ರೆ ಪ್ರೆಷರ್ ಹಾಗೇ ಇಟ್ಟು ನೈಟ್ರೋಜನ್ ತುಂಬ್ತಾ ಹೋದ್ರೆ ಪಾತ್ರೆ ಹಿಗ್ಗಬೇಕಾಗುತ್ತೆ, ಹಿಗ್ಗಿದಾಗ ಹೈಡ್ರೋಜನ್ ತೆಳು ಆಗುತ್ತೆ, ಅದರ ಕಾನ್ಸಂಟ್ರೇಶನ್ ಲೆಕ್ಕದಲ್ಲಿ ಮೂರನೇ ಘಾತದಲ್ಲಿ ಇರೋದ್ರಿಂದ ಪೆಟ್ಟು ಜೋರಾಗೇ ಬೀಳುತ್ತೆ. ಒಟ್ಟು ಮಿಶ್ರಣದ ಮೋಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ನೈಟ್ರೋಜನ್ ಇದ್ರೆ, ಇನ್ನೊಂದು ಚೂರು ನೈಟ್ರೋಜನ್ ಹಾಕಿದಾಗ ಕ್ಯೂ ಇಳಿಯೋ ಬದಲು ಏರುತ್ತೆ, ರಿಯಾಕ್ಟಂಟ್ ಸೇರಿಸಿದ್ರೂ ಇದ್ದ ಅಮೋನಿಯಾನೇ ಒಡೆದು ಹಿಂದಕ್ಕೆ ಬರುತ್ತೆ! ಪುಸ್ತಕದ ಒಂದು ಸಾಲಿನ ತತ್ವ ನಂಬ್ಕೊಂಡು ಬರೆದೋರು ಇಲ್ಲಿ ತಪ್ಪು ಉತ್ತರ ಬರೀತಾರೆ, ಕ್ಯೂ ಲೆಕ್ಕ ಹಾಕಿದೋರು ಮಾತ್ರ ಸರಿ ಬರೀತಾರೆ.