ಓದುಗರ ಪ್ರಶ್ನೆ, ತಜ್ಞರ ಉತ್ತರ: ಮನೆಯ ನಾಸ್‌ನಲ್ಲಿ ಡಿಸ್ಕ್ ಕಾಣದಿದ್ದರೆ

ಹಳೆಯ ಕಂಪ್ಯೂಟರಿಗೆ ನಾಲ್ಕೆಂಟು ಹಾರ್ಡ್‌ಡಿಸ್ಕ್ ಜೋಡಿಸಿ ಮನೆಯಲ್ಲೋ ಅಂಗಡಿಯಲ್ಲೋ ನಾಸ್ (ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರಿಗೂ ಕಡತ ಒದಗಿಸುವ ಸಂಗ್ರಹ ಪೆಟ್ಟಿಗೆ) ಕಟ್ಟಿಕೊಂಡವರ ಪತ್ರಗಳು ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದಿವೆ. ಹೆಚ್ಚಿನವರ ದೂರು ಡಿಸ್ಕಿನ ಮೇಲೆ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಕುಳಿತ ಕಂಟ್ರೋಲರ್ ಕಾರ್ಡಿನ ಮೇಲೆ ಯಾರಿಗೂ ಅನುಮಾನ ಬಂದಂತಿಲ್ಲ. ಹೊಸ ಡಿಸ್ಕಿಗೆ ದುಡ್ಡು ಸುರಿಯುವ ಮುಂಚೆ ಈ ಉತ್ತರಗಳನ್ನು ಓದಿ.

ಪ್ರಶ್ನೆ: ನಮ್ಮದು ಫೋಟೋ ಸ್ಟುಡಿಯೋ. ಮದುವಿ ವಿಡಿಯೋ ಇಡಾಕ 4 ಟಿಬಿಯ ಎಂಟು ಡಿಸ್ಕ್ ತಗೊಂಡು, ಹಳೇ ಸರ್ವರಿನಿಂದ ಬಿಚ್ಚಿದ ಡೆಲ್ ಕಂಪನೀದು ಎಚ್310 ಕಂಟ್ರೋಲರ್ ಕಾರ್ಡ್ ಹಾಕೀವಿ. ನಮ್ಮ ಕಂಪ್ಯೂಟರಿಗೆ ಹಾಕಿದ್ರ ಫ್ಯಾನ್ ತಿರಗತಾವ, ಸ್ಕ್ರೀನ್ ಬರೂದಿಲ್ಲ. ಕಾರ್ಡ್ ತಗದ್ರ ಎಲ್ಲಾ ಸರಿ. ಗೆಳ್ಯಾನ ಕಂಪ್ಯೂಟರಿನ್ಯಾಗ ಚಾಲೂ ಆಗತೈತಿ, ಆದ್ರ ಟ್ರೂನಾಸ್ ಅನ್ನೋ ನಾಸ್ ಸಾಫ್ಟ್‌ವೇರಿನ್ಯಾಗ ಎಂಟೂ ಡಿಸ್ಕ್ ‘ಪರ್ಕ್ ಎಚ್310’ ಅಂತ ಬರತಾವ. ಸೀರಿಯಲ್ ನಂಬರ್ ಇಲ್ಲ, ಟೆಂಪರೇಚರ್ ಇಲ್ಲ. ಕಾರ್ಡ್ ಕೆಟ್ಟೈತೇನು?
ಒಬ್ಬ ಓದುಗರು, ಹಾವೇರಿ

ಉತ್ತರ: ಕಾರ್ಡ್ ಕೆಟ್ಟಿಲ್ಲ. ನಿಮ್ಮದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆ.

ಮೊದಲು ಸ್ಕ್ರೀನ್ ಬಾರದ ಮಾತು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಬಿ5, ಬಿ6 ಎಂಬ ಎರಡು ಪಿನ್‌ಗಳಿವೆ. ಅವು ಎಸ್ಎಂಬಸ್‌ನ, ಅಂದರೆ ಬಿಡಿಭಾಗಗಳು ಪರಸ್ಪರ ವಿವರ ಹೇಳಿಕೊಳ್ಳುವ ದಾರಿಯ, ತಂತಿಗಳು. ರ್‍ಯಾಮ್ ಎಷ್ಟಿದೆ, ಯಾವ ವೇಗದ್ದು ಎಂಬ ವಿವರವನ್ನು ಮದರ್‌ಬೋರ್ಡ್ ಓದುವುದೂ ಅದೇ ಬಸ್ಸಿನ ಮೇಲೆ. ಸರ್ವರ್ ತಯಾರಕರು ಮಾಡಿಸಿದ ಕೆಲವು ಕಾರ್ಡುಗಳು ಅಲ್ಲಿ ತಾವೂ ಮಾತಾಡತೊಡಗುತ್ತವೆ; ಮನೆಬಳಕೆಯ ಬೋರ್ಡಿಗೆ ರ್‍ಯಾಮ್ ಸಿಗದೆ ಅಲ್ಲೇ ನಿಂತುಬಿಡುತ್ತದೆ. ಪರಿಹಾರ ಸುಲಭ. ಕರೆಂಟಿನ ವೈರ್ ಕಿತ್ತು ಕಾರ್ಡ್ ಹೊರಗೆ ತೆಗೆಯಿರಿ. ಹೀಟ್‌ಸಿಂಕ್ ಇರುವ ಮಗ್ಗುಲು ನಿಮ್ಮ ಕಡೆ ಇರಲಿ. ಲೋಹದ ಬ್ರಾಕೆಟ್ ಇರುವ ತುದಿಯಿಂದ ಎಣಿಸುತ್ತ ಬಂದರೆ ಐದನೆಯದು, ಆರನೆಯದು ಈ ಎರಡು ಪಿನ್. ಪಿನ್ನಿನಿಂದ ಪಿನ್ನಿಗೆ 1 ಮಿ.ಮೀ. ಅಂತರ, ಆದ್ದರಿಂದ 2 ಮಿ.ಮೀ. ಅಗಲದ ಕ್ಯಾಪ್ಟಾನ್ (Kapton) ಟೇಪ್ ಸಾಕು. ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಕಂದುಹಳದಿ ಟೇಪ್ ಅದೇ. ವೈರಿಂಗಿನ ಕರಿ ಟೇಪ್ ಬೇಡ. ಬಿಸಿಗೆ ಅದರ ಅಂಟು ಕರಗಿ ಸ್ಲಾಟಿನೊಳಗೆ ಇಳಿಯುತ್ತದೆ. ಕಾರ್ಡನ್ನು ಒತ್ತಿ ಕೂಡಿಸುವಾಗ ಟೇಪ್ ಮಡಚಿ ಪಕ್ಕದ ಪಿನ್ ಮುಚ್ಚದಂತೆ ನೋಡಿಕೊಳ್ಳಿ.

ಎರಡನೆಯದು ಫರ್ಮ್‌ವೇರಿನ, ಅಂದರೆ ಕಾರ್ಡಿನೊಳಗೇ ಇರುವ ತಂತ್ರಾಂಶದ, ತೊಂದರೆ. ನಿಮಗೆ ಮಾರಿದವರು ಒಂದೊಂದು ಡಿಸ್ಕನ್ನೂ ಒಂದೊಂದು ರೇಡ್ 0 (ಕಾರ್ಡ್ ತಾನೇ ಕಟ್ಟುವ ಡಿಸ್ಕ್ ಗುಂಪು) ಎಂದು ಕಟ್ಟಿಕೊಟ್ಟಿದ್ದಾರೆ. ಹೀಗಿದ್ದಾಗ ಟ್ರೂನಾಸ್ ಬಳಸುವ ಕಡತ ವ್ಯವಸ್ಥೆಯಾದ ಝಡ್ಎಫ್ಎಸ್ ನೋಡುವುದು ಕಾರ್ಡ್ ತೋರಿಸುವ ಮುಖವನ್ನು, ಡಿಸ್ಕನ್ನಲ್ಲ. ಡಿಸ್ಕ್ ಸಾಯುವ ಮುನ್ಸೂಚನೆ ನಿಮಗೆ ತಲುಪುವುದಿಲ್ಲ. ನಾಳೆ ಕಾರ್ಡ್ ಕೆಟ್ಟರೆ ಆ ಡಿಸ್ಕುಗಳು ಬೇರೆ ಕಂಪನಿಯ ಕಾರ್ಡಿನಲ್ಲಿ ಓದಿಸಿಕೊಳ್ಳುತ್ತವೆ ಎಂಬ ಖಾತ್ರಿಯೂ ಇಲ್ಲ. ಮದುವೆ ವಿಡಿಯೋ ಮತ್ತೊಮ್ಮೆ ಶೂಟ್ ಮಾಡುವ ಮಾಲಲ್ಲ, ಹಾಗಾಗಿ ಈ ಸ್ಥಿತಿಯಲ್ಲಿ ಅದನ್ನು ಬಳಸಲೇಬೇಡಿ. ಜೊತೆಗೆ, ಮೂಲ ಫರ್ಮ್‌ವೇರಿನಲ್ಲಿ ಈ ಕಾರ್ಡಿನ ಸರದಿ ಸಾಲು 25 ಆದೇಶಗಳದ್ದು ಮಾತ್ರ. ಎಂಟು ಡಿಸ್ಕ್ ಅದನ್ನೇ ಹಂಚಿಕೊಂಡರೆ ಎಲ್ಲವೂ ಮಂದವಾಗುತ್ತವೆ.

ಎಚ್310 ಒಳಗಿರುವುದು ಎಲ್ಎಸ್ಐ ಕಂಪನಿಯ ಸ್ಯಾಸ್2008 ಚಿಪ್ (ಸ್ಯಾಸ್ ಎಂದರೆ ಸರ್ವರುಗಳ ಡಿಸ್ಕ್ ಜೋಡಣೆಯ ಬಗೆ, ಮನೆಯ ಕಂಪ್ಯೂಟರಿನದು ಸಾಟಾ). ಪೇಟೆಯಲ್ಲಿ 9211-8ಐ ಎಂದು ಸಿಗುವ ಕಾರ್ಡಿನದೂ ಇದೇ ಚಿಪ್. ಹಾಗಾಗಿ ಅದರ ಐಟಿ ಫರ್ಮ್‌ವೇರನ್ನು ಇದಕ್ಕೆ ಬರೆಯಬಹುದು. ಆಗ ಕಾರ್ಡ್ ರೇಡ್ ಗೊಡವೆ ಬಿಟ್ಟು ಡಿಸ್ಕನ್ನು ಇದ್ದ ಹಾಗೆ ಮುಂದೆ ದಾಟಿಸುತ್ತದೆ. ಆವೃತ್ತಿ 20.00.07.00 ಇರಲಿ. 20ರ ಸರಣಿಯ ಮೊದಮೊದಲ ಆವೃತ್ತಿಗಳಲ್ಲಿ ದೋಷಗಳಿದ್ದವು. ಯಾರೋ ಕಳಿಸಿದ ಕಡತ ಎಂದು ಅದನ್ನು ಹಾಕಬೇಡಿ.

ಡಿಸ್ಕಿನಲ್ಲಿ ಈಗ ಏನಿದೆಯೋ ಅದನ್ನೆಲ್ಲ ಮೊದಲು ಬೇರೆಡೆ ನಕಲು ಮಾಡಿ. ಆಮೇಲೆ ಎಂಟೂ ಡಿಸ್ಕಿನ ಕೇಬಲ್ ಬಿಚ್ಚಿ. ಕಂಪ್ಯೂಟರಿನಲ್ಲಿ ಈ ಜಾತಿಯ ಬೇರೆ ಕಾರ್ಡ್ ಇರಬಾರದು, ಯುಪಿಎಸ್ ಇರಲೇಬೇಕು. ಕಾರ್ಡಿನ ಹಿಂದಿನ ಸ್ಟಿಕರಿನ ಮೇಲೆ 5ರಿಂದ ಶುರುವಾಗುವ 16 ಅಂಕಿ-ಅಕ್ಷರದ ಸ್ಯಾಸ್ ವಿಳಾಸ ಇರುತ್ತದೆ, ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫ್ರೀಡಾಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೆಗಾರೆಕ್ ಎಂಬ ಉಪಕರಣದಿಂದ ಕಾರ್ಡಿನ ಎಸ್‌ಬಿಆರ್ ಎಂಬ ಪುಟ್ಟ ದಾಖಲೆಯ ಪ್ರತಿ ಉಳಿಸಿಕೊಂಡು, ಅದರ ಜಾಗಕ್ಕೆ ಖಾಲಿ ಎಸ್‌ಬಿಆರ್ ಬರೆದು, ಹಳೆಯ ಫರ್ಮ್‌ವೇರ್ ಅಳಿಸಿ. ಮತ್ತೆ ಬೂಟ್ ಮಾಡಿ ಯುಇಎಫ್ಐ ಶೆಲ್ (ಬೂಟ್ ಹೊತ್ತಿನ ಆದೇಶ ಪರದೆ) ಎಂಬಲ್ಲಿಂದ ಸ್ಯಾಸ್2ಫ್ಲ್ಯಾಶ್ ಉಪಕರಣದ ಮೂಲಕ 2118ಐಟಿ ಎಂಬ ಕಡತ ಬರೆಯಿರಿ. ಈ ಹೆಜ್ಜೆಯನ್ನು ಡಾಸ್‌ನಲ್ಲೇ ಮಾಡಹೊರಟರೆ ಹೊಸ ಬೋರ್ಡುಗಳಲ್ಲಿ ‘ಫೇಲ್ಡ್ ಟು ಇನಿಷಿಯಲೈಸ್ ಪಾಲ್’ ಎಂಬ ಸಂದೇಶ ಬರುತ್ತದೆ. ಅದಕ್ಕೆ ಹೆದರಬೇಡಿ, ಯುಇಎಫ್ಐ ಶೆಲ್ಲಿಗೆ ಹೋಗಿ. ಕೊನೆಗೆ ಬರೆದಿಟ್ಟುಕೊಂಡ ವಿಳಾಸವನ್ನು ಕಾರ್ಡಿಗೆ ಮರಳಿ ಕೊಡಿ. ಬೂಟ್ ರಾಮ್ (ROM) ಕಡತ ಹಾಕುವುದು ಬೇಡ. ಈ ಕಾರ್ಡಿನ ಡಿಸ್ಕಿನಿಂದಲೇ ಕಂಪ್ಯೂಟರ್ ಶುರುವಾಗಬೇಕಿದ್ದರೆ ಮಾತ್ರ ಅದು ಬೇಕು. ಇಲ್ಲದಿದ್ದರೆ ಪ್ರತಿ ಸಲ ಬೂಟ್ ತಡವಾಗುವುದಷ್ಟೇ ಲಾಭ. ಟೇಪ್ ಇದ್ದಲ್ಲೇ ಇರಲಿ.

ಕೇಬಲ್ ಬಗ್ಗೆ ಒಂದು ಮಾತು. ಕಾರ್ಡಿನ ಒಂದು ಎಸ್ಎಫ್ಎಫ್-8087 ಸಾಕೆಟ್ಟಿನಿಂದ ನಾಲ್ಕು ಸಾಟಾ ತುದಿ ಬರುವ ಕೇಬಲ್ಲಿನಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಬಗೆ. ನೋಡಲು ತದ್ರೂಪ. ನಿಮಗೆ ಬೇಕಾದ್ದು ಫಾರ್ವರ್ಡ್. ರಿವರ್ಸ್ ತಂದರೆ ಒಂದು ಡಿಸ್ಕೂ ಕಾಣುವುದಿಲ್ಲ, ಫರ್ಮ್‌ವೇರ್ ಹಾಳಾಯಿತೆಂದು ನೀವು ಮತ್ತೆ ಮೊದಲಿನಿಂದ ಶುರುಮಾಡುತ್ತೀರಿ.

ಪ್ರಶ್ನೆ: ನಮ್ಮ ಮುದ್ರಣಾಲಯದ ಹಳೆಯ ಪುಟವಿನ್ಯಾಸ, ಲಗ್ನಪತ್ರಿಕೆಗಳ ಕಡತಗಳೆಲ್ಲ ಏಳು ಡಿಸ್ಕಿನ ನಾಸ್‌ನಲ್ಲಿವೆ. ಹತ್ತು ಪೋರ್ಟಿನ ಅಗ್ಗದ ಸಾಟಾ ಕಾರ್ಡ್ ಹಾಕಿದ್ದೇವೆ. ದಿನದ ಕೆಲಸಕ್ಕೆ ಏನೂ ತೊಂದರೆಯಿಲ್ಲ. ತಿಂಗಳಿಗೊಮ್ಮೆ ಸ್ಕ್ರಬ್ (ಡಿಸ್ಕಿನಲ್ಲಿರುವುದನ್ನೆಲ್ಲ ಓದಿ ತಪ್ಪು ಹುಡುಕುವ ತಪಾಸಣೆ) ಓಡಿಸಿದಾಗ ಮಾತ್ರ ಮೂರ್ನಾಲ್ಕು ಡಿಸ್ಕ್ ಒಟ್ಟಿಗೆ ಕಳಚಿಕೊಳ್ಳುತ್ತವೆ. ಒಂದು ಡಿಸ್ಕ್ ಬದಲಿಸಿದೆವು, ಫಲವಿಲ್ಲ.
ಬೆಟಗೇರಿ, ಗದಗ

ಉತ್ತರ: ಆ ಕಾರ್ಡಿನಲ್ಲಿ ನಿಜವಾದ ಪೋರ್ಟ್ ಹತ್ತಿಲ್ಲ. ಎಲ್ಎಸ್‌ಪಿಸಿಐ (lspci) ಕಮಾಂಡ್ ಕೊಟ್ಟು ಚಿಪ್ಪಿನ ಹೆಸರು ನೋಡಿ. ಎಎಸ್ಎಂ1062 ಎಂದಿದ್ದರೆ ಅದು ಎರಡೇ ಪೋರ್ಟಿನ ಚಿಪ್. ಉಳಿದ ಪೋರ್ಟುಗಳನ್ನು ಪೋರ್ಟ್ ಮಲ್ಟಿಪ್ಲೈಯರ್ ಎಂಬ ಇನ್ನೊಂದು ಚಿಪ್ ಕವಲೊಡೆಸಿ ಕೊಟ್ಟಿರುತ್ತದೆ. ಕಾರ್ಡಿನ ಮೇಲೆ ಜೆಎಂಬಿ575 ಎಂದು ಬರೆದ ಚಿಪ್ ಕಂಡರೆ ಅದೇ ಇದು: ಒಂದನ್ನು ಐದು ಮಾಡುವ ಚಿಪ್. ಐದರಲ್ಲಿ ಒಂದು ಡಿಸ್ಕ್ ಉತ್ತರ ಕೊಡಲು ತಡಮಾಡಿದರೂ ಲಿನಕ್ಸ್ ಮೂಲ ಕೊಂಡಿಯನ್ನೇ ರಿಸೆಟ್ ಮಾಡುತ್ತದೆ, ಜೊತೆಗಿರುವ ನಾಲ್ಕೂ ಬೀಳುತ್ತವೆ. ಡಿಮೆಸೇಜ್ (dmesg) ಎಂಬ ಲಿನಕ್ಸ್ ದಾಖಲೆಯಲ್ಲಿ ‘ಹಾರ್ಡ್ ರಿಸೆಟ್ಟಿಂಗ್ ಲಿಂಕ್’ ಎಂಬ ಸಾಲು ಸಾಲುಸಾಲಾಗಿ ಬಂದಿದ್ದರೆ ಇದೇ ಕಾರಣ ಎಂದು ತಿಳಿಯಿರಿ.

ಲೆಕ್ಕವನ್ನೂ ನೋಡಿ. ಈ ಕಾರ್ಡ್ ಎರಡನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ ಒಂದೇ ಲೇನ್ (ಮಾಹಿತಿ ಸಾಗುವ ಪಥ) ಬಳಸುತ್ತದೆ, ಅಂದರೆ ಕಾಗದದ ಮೇಲೆ ಸೆಕೆಂಡಿಗೆ 500 ಎಂಬಿ. ಕೈಗೆ ಸಿಗುವುದು ಸುಮಾರು 400. ಏಳು ಡಿಸ್ಕಿಗೆ ಹಂಚಿದರೆ ತಲಾ 57. ದಿನದ ಕೆಲಸದಲ್ಲಿ ಒಂದೆರಡು ಕಡತ ತೆರೆದು ಮುಚ್ಚುವುದರಿಂದ ಇದು ಗೊತ್ತಾಗುವುದಿಲ್ಲ. ಸ್ಕ್ರಬ್ ಏಳನ್ನೂ ಒಟ್ಟಿಗೆ ಓದಿಸುತ್ತದೆ, ಆಗ ಬಣ್ಣ ಬಯಲು.

ಬದಲಿಗೆ ಎಎಸ್ಎಂ1166 ಚಿಪ್ಪಿನ ಆರು ಪೋರ್ಟಿನ ಕಾರ್ಡ್ ಅಥವಾ ಜೆಎಂಬಿ585ರ ಐದು ಪೋರ್ಟಿನದು ತನ್ನಿ. ಉಳಿದ ಡಿಸ್ಕ್ ಮದರ್‌ಬೋರ್ಡಿನ ಸಾಟಾಗೆ ಹಾಕಿ. ಈ ಎರಡೂ ಕಾರ್ಡುಗಳು ಮೂರನೇ ಪೀಳಿಗೆಯ ಎರಡು ಲೇನ್ ಬಳಸುತ್ತವೆ, ಸುಮಾರು 1,970 ಎಂಬಿ. ಆರು ಡಿಸ್ಕ್ ಪೂರಾ ವೇಗದಲ್ಲಿ ಓಡಿದರೂ ಸಾಕು. ಎಎಚ್‌ಸಿಐ ಎಂಬ ಸಾಮಾನ್ಯ ನಿಯಮ ಪಾಲಿಸುವ ಕಾರ್ಡುಗಳಾದ್ದರಿಂದ ಡ್ರೈವರ್ ಹುಡುಕುವ ಕೆಲಸವಿಲ್ಲ. ಆದರೆ ಇವನ್ನು ಉದ್ದ ಸ್ಲಾಟಿಗೇ ಹಾಕಬೇಕು, ಗಿಡ್ಡ ಎಕ್ಸ್1 ಸ್ಲಾಟಿಗಲ್ಲ.

ಬದಲಿಸಿ ತೆಗೆದ ಡಿಸ್ಕನ್ನು ಬಿಸಾಡಬೇಡಿ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ (smartctl) ವರದಿಯಲ್ಲಿ 197 ಎಂಬ ಸಂಖ್ಯೆಯ ಸಾಲು ಸೊನ್ನೆ ಇದ್ದು 199 ಸಂಖ್ಯೆಯ ಸಾಲು ಮಾತ್ರ ಏರಿದ್ದರೆ ಡಿಸ್ಕಿನ ತಟ್ಟೆಗೆ ಏನೂ ಆಗಿಲ್ಲ, ಮಾಹಿತಿ ದಾರಿಯಲ್ಲಿ ಕೆಡುತ್ತಿದೆ ಎಂದರ್ಥ. 199ರ ಸಂಖ್ಯೆ ಮತ್ತೆಂದೂ ಇಳಿಯುವುದಿಲ್ಲ. ಇಂದಿನ ಅಂಕಿ ಬರೆದಿಟ್ಟು, ಕೇಬಲ್ ಬದಲಿಸಿ, ಮುಂದಿನ ಸ್ಕ್ರಬ್ ಆದಮೇಲೆ ಹೋಲಿಸಿ.

ಪ್ರಶ್ನೆ: ಸ್ಯಾಸ್ ಡಿಸ್ಕ್ ಅಗ್ಗಕ್ಕೆ ಸಿಗುತ್ತಿದೆ. ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಅಡಾಪ್ಟರ್ ಹಾಕಿ ಬಳಸಬಹುದೇ?
ರಾಣೆಬೆನ್ನೂರು

ಉತ್ತರ: ಆಗದು. ಸ್ಯಾಸ್ ಕಾರ್ಡಿಗೆ ಸಾಟಾ ಡಿಸ್ಕ್ ನಡೆಯುತ್ತದೆ, ಸಾಟಾ ಪೋರ್ಟಿಗೆ ಸ್ಯಾಸ್ ಡಿಸ್ಕ್ ನಡೆಯುವುದಿಲ್ಲ. ಅಡಾಪ್ಟರ್ ಆಕಾರವನ್ನಷ್ಟೇ ಹೊಂದಿಸುತ್ತದೆ, ಭಾಷೆಯನ್ನಲ್ಲ.

ಪ್ರಶ್ನೆ: ಸಂಗೀತ ಕಚೇರಿಗಳ ಧ್ವನಿಮುದ್ರಣ ಇಡಲು 8 ಟಿಬಿಯ ಎರಡು ಡಿಸ್ಕ್ ತಂದೆ. ಒಂದು ಹಳೆಯ ಸ್ಯಾಸ್ ಕಾರ್ಡಿನಲ್ಲಿ 2.2 ಟಿಬಿ ಎಂದಷ್ಟೇ ತೋರಿಸುತ್ತದೆ. ಇನ್ನೊಂದು ಹೊರಡಬ್ಬಿಯಿಂದ ಬಿಚ್ಚಿ ತೆಗೆದದ್ದು, ತಿರುಗುವುದೇ ಇಲ್ಲ.
ಸಪ್ತಾಪುರ, ಧಾರವಾಡ

ಉತ್ತರ: 2.2 ಟಿಬಿಗೆ ನಿಂತಿದೆಯೆಂದರೆ ನಿಮ್ಮ ಕಾರ್ಡಿನ ಚಿಪ್ ಬಹುಶಃ ಸ್ಯಾಸ್1068ಇ. ಅದರ ಮಿತಿಯೇ ಅಷ್ಟು, ಯಾವ ಫರ್ಮ್‌ವೇರಿನಿಂದಲೂ ಏರುವುದಿಲ್ಲ. 2008 ಅಥವಾ 2308 ಚಿಪ್ಪಿನ ಕಾರ್ಡ್ ತನ್ನಿ. ಆದರೆ ರೆಡ್‌ಹ್ಯಾಟ್ 8 ಅಥವಾ ಅದರಿಂದ ಹುಟ್ಟಿದ ಕೆಲವು ಲಿನಕ್ಸ್ ಹಾಕುವವರಿದ್ದರೆ 2008 ಬೇಡ. ಅದರ ಬೆಂಬಲವನ್ನು ಆ ಆವೃತ್ತಿಯಿಂದ ಕೈಬಿಟ್ಟಿದ್ದಾರೆ, ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಡೆಬಿಯನ್, ಟ್ರೂನಾಸ್‌ನಲ್ಲಿ ಈ ತಾಪತ್ರಯವಿಲ್ಲ.

ತಿರುಗದ ಡಿಸ್ಕಿಗೆ ಕಾರ್ಡ್ ಕಾರಣವಲ್ಲ. ಸಾಟಾ 3.3 ನಿಯಮದಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಅಲ್ಲಿ ವಿದ್ಯುತ್ ಬಂದರೆ ಡಿಸ್ಕ್ ಆಫ್ ಆಗಬೇಕು. ಹಳೆಯ ಎಸ್ಎಂಪಿಎಸ್‌ಗಳು ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತವೆ. ಆ ಪಿನ್ ಮೇಲೆ ಕ್ಯಾಪ್ಟಾನ್ ಟೇಪ್ ಅಂಟಿಸಿ, ಇಲ್ಲವೇ 3.3 ವೋಲ್ಟೇ ಇಲ್ಲದ ಮೋಲೆಕ್ಸ್ ತಂತಿಯಿಂದ ಪರಿವರ್ತಕ ಹಾಕಿ. ಪರಿವರ್ತಕ ಕೊಳ್ಳುವಾಗ ತಂತಿಗಳು ಒಂದೇ ಪ್ಲಾಸ್ಟಿಕ್ ಗಟ್ಟಿಯೊಳಗೆ ಎರಕ ಹೊಯ್ದಂತಿದ್ದರೆ ಬಿಟ್ಟುಬಿಡಿ. ಅಂಥವು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ್ದುಂಟು. ಒಂದೊಂದು ತಂತಿಯೂ ಬೇರೆಬೇರೆಯಾಗಿ ಕಾಣುವ ಕ್ರಿಂಪ್ ಬಗೆಯದನ್ನೇ ಆರಿಸಿ.

ಪ್ರಶ್ನೆ: ಎಂ.2 ಎಸ್ಎಸ್‌ಡಿ ಹಾಕಿದ ದಿನವೇ ಎರಡು ಡಿಸ್ಕ್ ಮಾಯ.
ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅನೇಕ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಸಾಟಾದ ಕೊನೆಯ ಎರಡು ಪೋರ್ಟ್ ಬಂದ್ ಆಗುತ್ತವೆ. ಲೇನ್ ಹಂಚಿಕೆ ಹಾಗಿದೆ. ಬೋರ್ಡಿನ ಕೈಪಿಡಿಯಲ್ಲಿ ಸಾಟಾ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆ ಎರಡು ಡಿಸ್ಕನ್ನು ಬೇರೆ ಪೋರ್ಟಿಗೆ ಹಾಕಿ, ಮರಳಿ ಬರುತ್ತವೆ.

ಪ್ರಶ್ನೆ: ಐಟಿ ಫರ್ಮ್‌ವೇರ್ ಹಾಕಿದ 9211-8ಐ ಕಾರ್ಡ್ ಚಳಿಗಾಲದುದ್ದಕ್ಕೂ ಸರಿಯಿತ್ತು. ಏಪ್ರಿಲ್ ಬಂದಮೇಲೆ ಮಧ್ಯಾಹ್ನದ ಹೊತ್ತು ಎಂಟೂ ಡಿಸ್ಕ್ ಒಮ್ಮೆಲೇ ಹೋಗುತ್ತವೆ. ರಾತ್ರಿ ಚಾಲೂ ಮಾಡಿದರೆ ಎಲ್ಲ ಸರಿ. ಎಸ್ಎಂಪಿಎಸ್ ಬದಲಿಸಬೇಕೇ?
ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಎಷ್ಟು ಡಿಸ್ಕ್ ಒಟ್ಟಿಗೆ ಬಿದ್ದವು ಎಂಬುದನ್ನು ಮೊದಲು ನೋಡಬೇಕು. ಒಂದೇ ಬಿದ್ದರೆ ಆ ಡಿಸ್ಕ್ ಅಥವಾ ಅದರ ತಂತಿ. ನಾಲ್ಕು ಬಿದ್ದರೆ ಒಂದು 8087 ಕೇಬಲ್, ಇಲ್ಲವೇ ಆ ನಾಲ್ಕಕ್ಕೆ ಕರೆಂಟ್ ಕೊಡುವ ಒಂದೇ ಪವರ್ ಲೈನ್. ಎಂಟೂ ಬಿದ್ದು ಕಂಪ್ಯೂಟರ್ ಮಾತ್ರ ಓಡುತ್ತಲೇ ಇದ್ದರೆ ಕಾರ್ಡ್. ಎಸ್ಎಂಪಿಎಸ್ ಸೋಲುವ ಹೊತ್ತು ಸಾಮಾನ್ಯವಾಗಿ ಸ್ಟಾರ್ಟ್ ಮಾಡುವಾಗ. ತಿರುಗಲು ಶುರುಮಾಡುವ ಕ್ಷಣದಲ್ಲಿ ಒಂದು 3.5 ಇಂಚಿನ ಡಿಸ್ಕ್ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಎಂಟಕ್ಕೆ 16 ಆಂಪಿಯರ್, ಅಂದರೆ 192 ವಾಟ್. ಆ ಹೊರೆಯನ್ನು ನಿಮ್ಮ ಎಸ್ಎಂಪಿಎಸ್ ದಿನವೂ ಹೊರುತ್ತಿದೆ. ಅದನ್ನು ಬದಲಿಸುವ ಅಗತ್ಯ ಕಾಣುವುದಿಲ್ಲ.

ಲಾಗ್‌ನಲ್ಲಿ ‘ಸ್ಯಾಸ್ ಹೋಸ್ಟ್ ಈಸ್ ನಾನ್-ಆಪರೇಷನಲ್’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಚಿಪ್ ಕಾದು ನಿಂತುಬಿಟ್ಟಿರುವುದೇ ಹೆಚ್ಚು ಸಂಭವ. ಈ ಕಾರ್ಡ್ ಹುಟ್ಟಿದ್ದು ಸರ್ವರ್ ಡಬ್ಬಿಗೆ, ಅಲ್ಲಿ ಮುಂದಿನಿಂದ ಹಿಂದಕ್ಕೆ ಗಾಳಿ ಬಿರುಸಾಗಿ ಬೀಸುತ್ತಿರುತ್ತದೆ. ಮನೆಯ ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಇರುವ ಮೂಲೆಗೆ ಗಾಳಿ ತಲುಪುವುದೇ ಇಲ್ಲ. ಹೊರಗೆ 38 ಡಿಗ್ರಿ ಇದ್ದಾಗ ಒಳಗೆ 50ರ ಹತ್ತಿರ ಹೋದರೆ ಆಶ್ಚರ್ಯವಿಲ್ಲ. 2008 ಚಿಪ್ ತನ್ನ ಶಾಖವನ್ನು ಹೊರಗೆ ಹೇಳುವುದೂ ಇಲ್ಲ, ಆದ್ದರಿಂದ ಸಾಫ್ಟ್‌ವೇರಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಾರ್ಡ್ ಹೊರತೆಗೆದು ಹೀಟ್‌ಸಿಂಕಿನ ಹಿಂದಿನ ಪ್ಲಾಸ್ಟಿಕ್ ಪಿನ್‌ಗಳ ತುದಿಯನ್ನು ಚಿಮ್ಮಟದಲ್ಲಿ ಹಿಸುಕಿ ಬಿಡಿಸಿ. ಹೀಟ್‌ಸಿಂಕ್ ಅಂಟಿಕೊಂಡಿದ್ದರೆ ಎತ್ತಿ ಕೀಳಬೇಡಿ, ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿಮಾಡಿ ಮೆಲ್ಲಗೆ ತಿರುಚಿ. ಹಳೆಯ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸ ಪೇಸ್ಟನ್ನು ತೊಗರಿಕಾಳಿನಷ್ಟು ಹಚ್ಚಿ. ಮೇಲೆ 40 ಮಿ.ಮೀ. ಫ್ಯಾನ್ ಕೂಡಿಸಿ, ಅಥವಾ ಪಕ್ಕದ ಸ್ಲಾಟ್ ಖಾಲಿಯಿದ್ದರೆ 80 ಮಿ.ಮೀ. ಫ್ಯಾನನ್ನು ಕಾರ್ಡಿಗೆ ಎದುರಾಗಿ ಕೇಬಲ್ ಟೈ ಹಾಕಿ ಬಿಗಿಯಿರಿ. ದೊಡ್ಡ ಫ್ಯಾನಿನ ಸದ್ದು ಕಡಿಮೆ, ಬಾಳಿಕೆಯೂ ಹೆಚ್ಚು, ನಮ್ಮ ಮತ ಅದಕ್ಕೇ. ಎರೆನೆಲದ ಸೀಮೆಯ ನುಣುಪು ಧೂಳು ಹೀಟ್‌ಸಿಂಕಿನ ಸಂದಿಯಲ್ಲಿ ಹೆಪ್ಪುಗಟ್ಟುತ್ತದೆ, ಆದ್ದರಿಂದ ಯುಗಾದಿಗೆ ಮುಂಚೆ ಒಮ್ಮೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಕೊಳ್ಳಿ, ಗಾಳಿಗೆ ವಿಪರೀತ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಇಷ್ಟಾದಮೇಲೆ ಮಧ್ಯಾಹ್ನ ಎರಡು ಗಂಟೆಗೇ ಬೇಕೆಂದು ಸ್ಕ್ರಬ್ ಶುರುಮಾಡಿ, ಪೂರ್ತಿ ಮುಗಿಯುವವರೆಗೆ ಬಿಡಿ. ಒಂದೂ ಡಿಸ್ಕ್ ಬೀಳದಿದ್ದರೆ ಮೇ ತಿಂಗಳನ್ನೂ ದಾಟುತ್ತದೆ. ಮತ್ತೆ ಬಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ಇನ್ನೊಮ್ಮೆ ಓಡಿಸಿ. ಅಲ್ಲೂ ಬಿದ್ದರೆ ಚಿಪ್ ದಣಿದಿದೆ, 2308 ಚಿಪ್ಪಿನ 9207-8ಐ ತನ್ನಿ. ಕೇಬಲ್ ಅದೇ ನಡೆಯುತ್ತದೆ, ಝಡ್ಎಫ್ಎಸ್ ಪೂಲ್ ಇದ್ದ ಹಾಗೇ ತೆರೆದುಕೊಳ್ಳುತ್ತದೆ. ಫ್ಯಾನನ್ನು ಮಾತ್ರ ಅದಕ್ಕೂ ಹಾಕಿ.