ಮಾತಾಡೋ ವಾಲ್ವ್ ಹಾಕ್ಕೊಂಡು ಮಲಗಬಹುದಾ?

ಪ್ರಶ್ನೆ: ನಮ್ಮಪ್ಪಂಗೆ ಗಂಟಲಲ್ಲಿ ಟ್ರಕಿಯಾಸ್ಟಮಿ ಟ್ಯೂಬ್ (ಉಸಿರಾಡೋಕೆ ಕತ್ತಲ್ಲಿ ತೂತು ಮಾಡಿ ಹಾಕೋ ಕೊಳವೆ) ಇದೆ, ಈಗ ಮಾತಾಡೋಕೆ ವಾಲ್ವ್ ಕೊಟ್ಟವ್ರೆ. ರಾತ್ರಿನೂ ಹಾಕ್ಕಂಡೇ ಮಲಗ್ತೀನಿ ಅಂತಾರೆ, ಪರವಾಗಿಲ್ವಾ ಡಾಕ್ಟ್ರೇ?
– ಓದುಗರು, ಮಂಡ್ಯ

ಉತ್ತರ: ಬೇಡಮ್ಮ, ಮಲಗೋವಾಗ ತೆಗೀಲೇಬೇಕು. ಆ ವಾಲ್ವ್ ಉಸಿರನ್ನ ಒಳಗೆ ಬಿಡುತ್ತೆ, ವಾಪಸ್ ಬಿಡಲ್ಲ, ಗಾಳಿ ಟ್ಯೂಬಿನ ಪಕ್ಕದಿಂದ ಮೇಲೆ ಹತ್ತಿ ಧ್ವನಿಪೆಟ್ಟಿಗೆ ದಾಟಿ ಬಾಯಿಂದ ಬರ್ಬೇಕು, ಆಗ್ಲೇ ಮಾತು ಬರೋದು. ಅದಕ್ಕೇ ಟ್ಯೂಬಿನ ಸುತ್ತ ಗಾಳಿ ತುಂಬೋ ಬಲೂನಿದ್ರೆ ಮೊದ್ಲು ಕಫ ಸಕ್ಷನ್ ಮಾಡಿ ಬಲೂನಿನ ಗಾಳಿನ ಸಿರಿಂಜಲ್ಲಿ ಪೂರ್ತಿ ಎಳೀರಿ, ಇಲ್ಲಾಂದ್ರೆ ಉಸಿರು ಹೊರಗೋಗೋಕೆ ದಾರಿನೇ ಇರಲ್ಲ, ಜೀವಕ್ಕೇ ಅಪಾಯ ಕಣಮ್ಮ! ನೆಬುಲೈಸರ್ ಕೊಡೋವಾಗ್ಲೂ ವಾಲ್ವ್ ಬೇಡ. ಏದುಸಿರು ಬಂದ್ರೆ ಒಂದು ಕೈಲಿ ಟ್ಯೂಬ್ ಅಲ್ಲಾಡದಂಗೆ ಹಿಡ್ಕಂಡು ಇನ್ನೊಂದು ಕೈಲಿ ವಾಲ್ವ್ ತಕ್ಷಣ ತೆಗೆದು ಡಾಕ್ಟ್ರಿಗೆ ಹೇಳಿ. ದಿನಕ್ಕೆ ಎಷ್ಟೊತ್ತು ಹಾಕ್ಬೇಕು ಅನ್ನೋದನ್ನ ಸ್ಪೀಚ್ ಥೆರಪಿಸ್ಟೇ ನೋಡಿ ಹೇಳ್ಬೇಕು, ಮೈಸೂರಿನ ಮಾನಸಗಂಗೋತ್ರಿಲಿ ವಾಕ್ ಶ್ರವಣ ಸಂಸ್ಥೆ ಇದೆ, ವಿಚಾರಿಸಿ.