ಬಜೆಟ್ ಇಲ್ಲದೆ ಕಾಲೇಜಿನ ಟೀಚರ್ಸಿಗೆ, ಆಫೀಸ್ ಸ್ಟಾಫಿಗೆ ಟ್ರೇನಿಂಗ್ ಮಾಡ್ಲಿಕ್ಕೆ ಆಗ್ತದಾ?

ಟ್ರೇನಿಂಗಿನ ಜವಾಬ್ದಾರಿ ನಿಮ್ಮ ತಲೆಗೆ ಬಂದಿದೆ, ಹಣ ಇಲ್ಲ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ರಿ. ನಾನು ಉಡುಪಿ ಹತ್ರ ಒಂದು ಡಿಗ್ರಿ ಕಾಲೇಜಲ್ಲಿ ಕೆಮಿಸ್ಟ್ರಿ ಹೇಳಿಕೊಡ್ತೇನೆ, ನಾಲ್ಕು ವರ್ಷದಿಂದ ಇದನ್ನೂ ನೋಡ್ಕೊಳ್ತಾ ಇದ್ದೇನೆ.

ಒಂದು ದಿನದ ವರ್ಕ್‌ಶಾಪಿಂದ ಮಾತ್ರ ಶುರು ಮಾಡ್ಬೇಡಿ. ನಾವು ಮೊದ್ಲು ಮಾಡಿದ್ದು ಅದನ್ನೇ, ಹೊರಗಿಂದ ರಿಸೋರ್ಸ್ ಪರ್ಸನ್, ಶಾಲು, ಊಟ, ಸರ್ಟಿಫಿಕೇಟ್ ಎಲ್ಲ ಆಯ್ತು, ಸೋಮವಾರ ಎಲ್ರೂ ಮೊದ್ಲಿನ ಹಾಗೇ ಪಾಠ.

ನಮ್ಮಲ್ಲಿ ಉಪಯೋಗ ಆದದ್ದು ಒಬ್ಬರ ಕ್ಲಾಸಲ್ಲಿ ಇನ್ನೊಬ್ರು ಕೂತ್ಕೊಳ್ಳುವುದು. ಬೇರೆ ಬೇರೆ ಡಿಪಾರ್ಟ್‌ಮೆಂಟಿನ ಇಬ್ಬಿಬ್ಬರ ಜೋಡಿ, ತಿಂಗಳಿಗೆ ಒಂದು ಪೀರಿಯಡ್, ಏನು ನೋಡ್ಬೇಕು ಅಂತ ಪಾಠ ಮಾಡುವವರೇ ಮೊದ್ಲು ಹೇಳ್ಬೇಕು. ಜುಲೈಯಲ್ಲಿ ಕಾಮರ್ಸಿನ ಸರ್ ಒಬ್ರು ನನ್ನ ಕ್ಲಾಸಿಗೆ ಬಂದು ಲಾಸ್ಟ್ ಬೆಂಚಲ್ಲಿ ಕೂತ್ರು, ಹೊರಗೆ ಜೋರು ಮಳೆ, ನಾನು ಹೇಳಿದ್ದು ಇಷ್ಟೇ, ಪ್ರಶ್ನೆ ಕೇಳಿದ್ರೆ ಮಕ್ಳು ಬಾಯೇ ಬಿಡೋದಿಲ್ಲ, ಯಾಕೆ ಅಂತ ನೋಡಿ ಸರ್. ಆಮೇಲೆ ಸ್ಟಾಫ್‌ರೂಮಲ್ಲಿ ಒಂದು ಚೀಟಿ ಕೊಟ್ರು: ಕೇಳಿದ್ದು 11 ಪ್ರಶ್ನೆ, 9ಕ್ಕೆ ಉತ್ತರ ನಾನೇ ಹೇಳಿದ್ದೇನೆ, ಎರಡು ಸೆಕೆಂಡ್ ಸಹ ಕಾದಿಲ್ಲ. ಆ ಚೀಟಿ ನನ್ನ ಹತ್ರ ಇನ್ನೂ ಉಂಟು. ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದ್ರು, ಟೀಚರ್ಸ್ ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯ್ತಾರೆ, ಮೂರು ಸೆಕೆಂಡ್ ಕಾದ್ರೆ ಮಕ್ಳ ಉತ್ತರ ಉದ್ದ ಆಗ್ತದೆ, ಸುಮ್ನೆ ಇರುವವರೂ ಮಾತಾಡ್ತಾರೆ. ನಾನೀಗ ಪ್ರಶ್ನೆ ಕೇಳಿ ಮನಸ್ಸಲ್ಲೇ ಐದರವರೆಗೆ ಎಣಿಸ್ತೇನೆ.

ಕೋರ್ಸ್ ಬೇಕಾದ್ರೆ ಐಐಟಿಯವರು ನಡೆಸುವ ಆನ್‌ಲೈನ್ ಕೋರ್ಸುಗಳು, ಎನ್‌ಪಿಟಿಇಎಲ್ ಅಂತ, ಉಂಟು, ಸೇರ್ಲಿಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದ್ರೆ ಮಾತ್ರ ಫೀಸ್. ಒಬ್ಬೊಬ್ರೇ ಸೇರಿದ್ರೆ ಅರ್ಧಕ್ಕೆ ಬಿಡ್ತಾರೆ, ಮೂರು ಜನ ಒಟ್ಟಿಗೆ ಸೇರಿ. ಪ್ರಮೋಷನ್ನಿಗೆ ಬೇಕಾದ ರಿಫ್ರೆಶರ್ ಕೋರ್ಸ್, ಕಾಲೇಜ್ ಟೀಚರ್ಸಿಗೆ ಟ್ರೇನಿಂಗ್ ಕೊಡುವ ಸರ್ಕಾರದ ಮಾಳವೀಯ ಮಿಷನ್ ಸೆಂಟರ್‌ಗಳಲ್ಲಿ ಆನ್‌ಲೈನಲ್ಲೂ ನಡೀತದೆ.

ಮತ್ತೆ ಆಫೀಸಿನವರನ್ನು ದಯವಿಟ್ಟು ಮರೀಬೇಡಿ, ಟ್ರೇನಿಂಗ್ ಅಂದ್ರೆ ಟೀಚರ್ಸಿಗೆ ಮಾತ್ರ ಅನ್ನೋದು ದೊಡ್ಡ ಅನ್ಯಾಯ. ನಮ್ಮ ಆಫೀಸಿನ ಅಕ್ಕ ಒಬ್ರನ್ನು ನಿಮ್ಗೆ ಜಾಸ್ತಿ ಟೈಮ್ ಯಾವುದಕ್ಕೆ ಹೋಗ್ತದೆ ಅಂತ ಕೇಳಿದ್ದು. ಸ್ಕಾಲರ್‌ಶಿಪ್ ಲಿಸ್ಟನ್ನು ಅಡ್ಮಿಷನ್ ಲಿಸ್ಟಿನ ಜೊತೆ ತಾಳೆ ನೋಡ್ಲಿಕ್ಕೆ, ಸ್ಕೇಲ್ ಇಟ್ಕೊಂಡು ಒಂದೊಂದೇ ಹೆಸರು, ಎರಡು ದಿನ! ಬಿಸಿಎಗೆ ಪಾಠ ಮಾಡುವ ಸಣ್ಣ ಪ್ರಾಯದ ಲೆಕ್ಚರರ್ ಒಬ್ಳು ನಾಲ್ಕು ಮಧ್ಯಾಹ್ನ ಅರ್ಧರ್ಧ ಗಂಟೆ ಪಕ್ಕದಲ್ಲೇ ಕೂತು, ಅಕ್ಕನ ಫೈಲಲ್ಲೇ, ಎಕ್ಸೆಲ್‌ನ ವಿಲುಕಪ್ (VLOOKUP), ಅಂದ್ರೆ ಒಂದು ಲಿಸ್ಟಿನ ಹೆಸರನ್ನು ಇನ್ನೊಂದರಲ್ಲಿ ತಾನೇ ಹುಡುಕಿ ಕೊಡುವ ಫಾರ್ಮುಲಾ, ಹೇಳಿಕೊಟ್ಳು. ಈಗ ಆ ಅಕ್ಕನೇ ಬೇರೆಯವರಿಗೆ ಹೇಳಿಕೊಡ್ತಾರೆ.

ಒಂದು ವಿಷಯ ಮಾತ್ರ ಮೊದ್ಲೇ ಗಟ್ಟಿ ಮಾಡ್ಕೊಳ್ಳಿ. ಕ್ಲಾಸ್ ನೋಡಿ ಬರೆದ ಚೀಟಿ ಪ್ರಿನ್ಸಿಪಾಲರ ಟೇಬಲಿಗೆ ಹೋಗ್ಬಾರ್ದು, ಹೋದ್ರೆ ಮರುತಿಂಗಳು ಯಾರೂ ಬಾಗಿಲು ತೆಗೆಯೋದಿಲ್ಲ. ಯಾರೂ ಒಪ್ಪದಿದ್ರೆ ನಿಮ್ಗೆ ಆಪ್ತರಾದ ಒಬ್ರನ್ನು ನಾಳೆ ನಿಮ್ಮ ಕ್ಲಾಸಿಗೇ ಕರೀರಿ.